26ನೇ ಮಹಡಿಯ ರೀಸೇಲ್ ಫ್ಲ್ಯಾಟ್: ಮುಂಗಡ ಕೊಡುವ ಮೊದಲು ಏನೇನು ಪರೀಕ್ಷೆ ಮಾಡಬೇಕು?

ಹೊಸಿಲು:

ಎಲ್ಲರಿಗೂ ನಮಸ್ಕಾರ. 32 ಮಹಡಿಯ ಟವರ್, 26ನೇ ಮಹಡಿಯ ಫ್ಲ್ಯಾಟ್ ಮಾರಾಟಕ್ಕಿದೆ. ಕಟ್ಟಿ 11 ವರ್ಷ. ಮಹಡಿಗೆ 4 ಮನೆ, 3 ಲಿಫ್ಟ್ (ಅದರಲ್ಲಿ ಒಂದು ಸರ್ವಿಸ್ ಲಿಫ್ಟ್). ನಗರದ ನಡುವೆಯೇ ಇದ್ದರೂ ಒಳರಸ್ತೆಯ ಕೊನೆ, ಸುತ್ತ ಮರಗಳು, ಅಡ್ಡಹಾಯುವ ವಾಹನಗಳಿಲ್ಲ. ಜಾಹೀರಾತಿನಲ್ಲಿ "ನಗರದೊಳಗಿನ ನಿಶ್ಶಬ್ದ ದ್ವೀಪ" ಅಂತಿದೆ. ಗೇಟಿನ ಹತ್ತಿರ ನಿಂತರೆ ಅದು ಸುಳ್ಳು ಅನ್ನಿಸುವುದಿಲ್ಲ.

ಹೇಳಿರುವ ವಿಸ್ತೀರ್ಣ 3,200 ಚದರ ಅಡಿ. ಪಶ್ಚಿಮಕ್ಕೆ ಹಾಲ್‌ನುದ್ದಕ್ಕೂ ಗಾಜು, ಬಾಲ್ಕನಿಗೆ ಗಾಜಿನ ಕಟಾಂಜನ. ಈಗಿನ ಮಾಲೀಕರು ಹಳೆ ಟೈಲ್ಸ್ ಮೇಲೆಯೇ ಮಾರ್ಬಲ್ ಹಾಸಿದ್ದಾರೆ, ಎಲ್ಲ ಕೋಣೆಗೂ ಫಾಲ್ಸ್ ಸೀಲಿಂಗ್ ಮಾಡಿಸಿದ್ದಾರೆ, ಅಡುಗೆಮನೆ ಮತ್ತು ಊಟದ ಕೋಣೆಯ ನಡುವಿನ ಗೋಡೆ ತೆಗೆದಿದ್ದಾರೆ, ಮುಂಬಾಗಿಲಿಗೆ ಕೆತ್ತನೆಯ ಮರದ ಬಾಗಿಲು ಕೂರಿಸಿದ್ದಾರೆ. ಬ್ರೋಕರ್ ಪ್ರಕಾರ "ಬಟ್ಟೆಬರೆ ತಂದರೆ ಸಾಕು".

ಎರಡು ಸಲ, ತಲಾ ಎರಡು ಗಂಟೆ ಮನೆ ನೋಡಲು ಬಿಡುತ್ತಾರಂತೆ. ಆ ನಾಲ್ಕು ಗಂಟೆಯಲ್ಲಿ ಏನು ನೋಡಬೇಕು, ಫ್ಲ್ಯಾಟ್ ಮಾಲೀಕರ ಸಂಘದಿಂದ ಯಾವ ಕಾಗದ ಕೇಳಬೇಕು? ಹಕ್ಕುಪತ್ರದ ವಿಷಯ ವಕೀಲರು ನೋಡಿಕೊಳ್ಳುತ್ತಾರೆ, ಅದು ಬೇಡ.

ರಸಮಟ್ಟ:

ನೀವು ಅಲಂಕಾರದ ಪಟ್ಟಿ ಅಂತ ಬರೆದಿರುವುದನ್ನೇ ಮೊದಲು ಪರೀಕ್ಷಿಸಿ ಸರ್. ಅದರ ಪ್ರತಿಯೊಂದರ ಹಿಂದೆಯೂ ಒಂದು ಪ್ರಶ್ನೆ ಇದೆ.

ತೆಗೆದ ಗೋಡೆ. ಎತ್ತರದ ಟವರ್‌ಗಳಲ್ಲಿ ಎಷ್ಟೋ ಗೋಡೆಗಳು ಬರೀ ಅಡ್ಡಗೋಡೆಗಳಲ್ಲ. ಗಾಳಿ ಮತ್ತು ಭೂಕಂಪದ ಅಡ್ಡಬಲ ತಡೆಯುವ ಕಾಂಕ್ರೀಟ್ ಶಿಯರ್ ವಾಲ್‌ಗಳು ಮನೆಯೊಳಗೇ ಬಂದಿರುತ್ತವೆ. ಅಲ್ಯೂಮಿನಿಯಂ ಶಟರಿಂಗ್‌ನಲ್ಲಿ ಎರಕ ಹೊಯ್ದ ಕಟ್ಟಡವಾದರೆ ಹೆಚ್ಚುಕಡಿಮೆ ಎಲ್ಲ ಗೋಡೆಯೂ ಕಾಂಕ್ರೀಟೇ. ಸಂಘದ ಕಚೇರಿಯಲ್ಲಿ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ, ಅದೇ ಸಾಲಿನ 24 ಅಥವಾ 25ನೇ ಮಹಡಿಯ ನಕ್ಷೆಯೊಂದಿಗೆ ಹೋಲಿಸಿ. ಗೋಡೆ ಇಟ್ಟಿಗೆಯದೋ ಬ್ಲಾಕಿನದೋ ಆಗಿದ್ದರೆ ತೊಂದರೆ ಇಲ್ಲ, ಆದರೂ ಸಂಘದ ಲಿಖಿತ ಒಪ್ಪಿಗೆ ಇರಬೇಕು. ಕಾಂಕ್ರೀಟ್ ಗೋಡೆ ಕತ್ತರಿಸಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ರೇಟು ಇಳಿಸಿಕೊಂಡು ಸರಿಮಾಡಿಸುವ ಬಾಬತ್ತಲ್ಲ ಅದು.

ಸ್ಲ್ಯಾಬ್ ಪೋಸ್ಟ್ ಟೆನ್ಷನ್‌ದಾ ಅಂತಲೂ ಕೇಳಿ. ಹೌದಾದರೆ ಒಳಗೆ ಬಿಗಿದು ಎಳೆದ ಉಕ್ಕಿನ ಕೇಬಲ್‌ಗಳಿರುತ್ತವೆ. ಬಾತ್‌ರೂಂ ಡ್ರೈನ್ ಸರಿಸಲೆಂದು ಯಾರಾದರೂ ಸ್ಲ್ಯಾಬಿಗೆ ದುಂಡನೆಯ ರಂಧ್ರ (ಕೋರ್) ಕೊರೆದಿದ್ದರೆ ಕೇಬಲ್ ತುಂಡಾಗಿರಬಹುದು. ಮುಂದೆ ನೀವು ಮೊಳೆ ಹೊಡೆಸುವಾಗಲೂ ಈ ಮಾಹಿತಿ ಬೇಕು.

ಟೈಲ್ಸ್ ಮೇಲೆ ಮಾರ್ಬಲ್. ಲೆಕ್ಕ ಹಾಕಿ: 18 ಮಿ.ಮೀ. ಮಾರ್ಬಲ್ ಚದರ ಮೀಟರಿಗೆ ಸುಮಾರು 49 ಕೆ.ಜಿ., ಅದರ ಕೆಳಗೆ 50 ಮಿ.ಮೀ. ಗಾರೆ ಇದ್ದರೆ ಇನ್ನೂ 100 ಕೆ.ಜಿ. ಒಟ್ಟು 150. ವಾಸದ ಕೋಣೆಯ ಸ್ಲ್ಯಾಬಿಗೆ ಜನ, ಸಾಮಾನು ಎಲ್ಲ ಸೇರಿ ಹಿಡಿಯುವ ಭಾರ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಆಸುಪಾಸು. ಅಂಟಿನಲ್ಲಿ ತೆಳುವಾಗಿ ಕೂರಿಸಿದ್ದರೆ ಚಿಂತೆ ಕಡಿಮೆ. ಬಾಗಿಲುಗಳ ಕೆಳಗಂಚು ಎಷ್ಟು ಕೊಯ್ದಿದ್ದಾರೆ ನೋಡಿದರೆ ನೆಲ ಎಷ್ಟು ಏರಿದೆ ಗೊತ್ತಾಗುತ್ತದೆ. ನಾಣ್ಯ ಹಿಡಿದು ತಟ್ಟುತ್ತಾ ಹೋಗಿ, ಪೊಳ್ಳು ಶಬ್ದ ಬಂದ ಕಲ್ಲುಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.

ಹೆಚ್ಚಿನವರು ಬಿಟ್ಟುಬಿಡುವುದು ಬಾಲ್ಕನಿ. ಅಲ್ಲೂ ಮಾರ್ಬಲ್ ಹಾಸಿದ್ದರೆ ನೆಲ ಏರಿದಷ್ಟೂ ಕಟಾಂಜನ ಗಿಡ್ಡ ಆಗಿರುತ್ತದೆ. ಮುಗಿದ ನೆಲದಿಂದ 1.1 ಮೀಟರ್ ಇತ್ತು ಅಂದುಕೊಳ್ಳಿ, 60 ಮಿ.ಮೀ. ಏರಿದರೆ 1.04. ಟೇಪ್ ಹಿಡಿದು ಅಳೆಯಿರಿ. ಒಂದು ಚೊಂಬು ನೀರು ಚೆಲ್ಲಿ ವಾಟ ಜಾಲಿಯ ಕಡೆಗಿದೆಯೋ, ಹಾಲಿನ ಕಡೆಗಿದೆಯೋ ನೋಡಿ.

ವಿಸ್ತೀರ್ಣ. ಲೇಸರ್ ಮೀಟರ್ ಒಯ್ದು ಗೋಡೆಯಿಂದ ಗೋಡೆಗೆ ಪ್ರತಿ ಕೋಣೆ ಅಳೆಯಿರಿ, ಅರ್ಧ ಗಂಟೆ ಸಾಕು. 3,200ರಲ್ಲಿ ಲಾಬಿ, ಮೆಟ್ಟಿಲು, ಕ್ಲಬ್‌ಹೌಸ್ ಪಾಲು ಸೇರಿರುತ್ತದೆ. ಒಳಗೆ 2,150 ಸಿಕ್ಕರೆ ಶೇ. 67. ಬೇರೆ ಟವರಿನ ಫ್ಲ್ಯಾಟ್ ಜೊತೆ ಬೆಲೆ ಹೋಲಿಸುವಾಗ ಈ ಒಳ ಅಳತೆಯಿಂದಲೇ ಭಾಗಿಸಿ.

ನೀರಗಂಟಿ:

ನೀರಿನ ವಿಷಯ ನಾನು ಹೇಳುತ್ತೇನೆ.

ನಿಮ್ಮ ಮಹಡಿ ಒಳ್ಳೇ ಜಾಗದಲ್ಲಿದೆ. ತಾರಸಿಯ ಟ್ಯಾಂಕಿನಿಂದ ನೇರ ಇಳಿಯುವ ಲೈನ್ ಅಂದುಕೊಂಡರೆ 26ನೇ ಮಹಡಿಯ ನೆಲದಿಂದ ತಾರಸಿಗೆ 7 ಮಹಡಿ ಎತ್ತರ, ಮಹಡಿಗೆ 3.2 ಮೀಟರಿನಂತೆ 22 ಮೀಟರ್. ಟ್ಯಾಂಕಿನ ತಳ ಇನ್ನೆರಡು ಮೀಟರ್ ಮೇಲೆ, ಶವರ್ ನೆಲದಿಂದ ಎರಡು ಮೀಟರ್ ಮೇಲೆ. ಅಲ್ಲಿಗಲ್ಲಿಗೆ 22 ಮೀಟರ್ ನೀರಿನ ಕಂಬ. 10 ಮೀಟರಿಗೆ ಸುಮಾರು 1 ಬಾರ್, ಅಂದರೆ ಶವರಿನಲ್ಲಿ 2 ಬಾರ್ ಮೇಲೆ ಸಿಗಬೇಕು. ಟ್ಯಾಂಕಿಗೆ ಅಂಟಿಕೊಂಡ ಮೇಲಿನ ಎರಡು ಮೂರು ಮಹಡಿಗೆ ಬೂಸ್ಟರ್ ಪಂಪ್ ಬೇಕಾಗುತ್ತದೆ. ಕೆಳಗಿನ ಮಹಡಿಗಳಿಗೆ ಒತ್ತಡ ತಗ್ಗಿಸುವ ಕವಾಟ (ಪಿ.ಆರ್.ವಿ.) ಬೇಕೇಬೇಕು, ಇಲ್ಲವಾದರೆ ನೆಲಮಹಡಿಯಲ್ಲಿ 10 ಬಾರ್ ಬಂದು ನಲ್ಲಿಯೇ ಕಿತ್ತುಬರುತ್ತದೆ.

ಮಾಡಬೇಕಾದ್ದು: ವಾಷಿಂಗ್ ಮೆಷಿನ್ ನಲ್ಲಿಗೆ ತಿರುಗಿಸಿ ಹಾಕುವ ಪ್ರೆಷರ್ ಗೇಜ್ ಒಯ್ಯಿರಿ. ಎಲ್ಲ ನಲ್ಲಿ ಮುಚ್ಚಿ ಒಂದು ಓದು. ಆಮೇಲೆ ಎರಡು ಶವರ್, ಅಡುಗೆಮನೆ ನಲ್ಲಿ ಒಟ್ಟಿಗೆ ಬಿಟ್ಟು ಇನ್ನೊಂದು ಓದು. ಅರ್ಧಕ್ಕಿಂತ ಕೆಳಗೆ ಬಿದ್ದರೆ ಪೈಪಿನೊಳಗೆ ಸುಣ್ಣ ಕಟ್ಟಿರಬೇಕು, ಫಿಲ್ಟರ್ ಜಾಲರಿ ಮುಚ್ಚಿರಬೇಕು, ಅಥವಾ ಶಾಫ್ಟಿನ ವಾಲ್ವ್ ಅರ್ಧ ತೆರೆದಿರಬೇಕು. ಮೂರನೆಯದಾಗಿದ್ದರೆ ಅದೃಷ್ಟ. ಬಕೆಟ್ ಪರೀಕ್ಷೆಯೂ ಆಗಲಿ: 10 ಲೀಟರಿನ ಬಕೆಟ್ ಶವರ್ ಕೆಳಗೆ ಒಂದು ನಿಮಿಷದಲ್ಲಿ ತುಂಬಿದರೆ ಸಾಮಾನ್ಯ ಶವರಿಗೆ ಸಾಕು. ಆ ಅಗಲ ತಟ್ಟೆಯ ಮಳೆ ಶವರಿಗೆ ಇನ್ನೂ ಹೆಚ್ಚು ಬೇಕು.

ನಿಮ್ಮ ಮನೆ ಪಿ.ಆರ್.ವಿ. ವಲಯದಲ್ಲಿದ್ದರೆ ಒಂದು ಸೂಕ್ಷ್ಮ. ಸವೆದ ಪಿ.ಆರ್.ವಿ. ಹಗಲು ಸರಿಯಾಗಿಯೇ ಇರುತ್ತದೆ. ರಾತ್ರಿ ಯಾರೂ ನೀರು ಬಳಸದಾಗ ಒಳಗೊಳಗೇ ಜಿನುಗಿ ಒತ್ತಡ ಏರುತ್ತದೆ. ಗೀಸರಿನ ಸೇಫ್ಟಿ ವಾಲ್ವ್ ರಾತ್ರಿ ಹನಿಯುತ್ತಿದ್ದರೆ, ಬೇಸಿನ್ ಕೆಳಗಿನ ಕನೆಕ್ಷನ್ ಪೈಪುಗಳನ್ನು ಪದೇಪದೇ ಬದಲಿಸಿದ್ದರೆ ಅನುಮಾನ ಅದರ ಮೇಲೆ. ರಬ್ಬರ್ ಡಯಾಫ್ರಾಂ ಕಿಟ್ ಯಾವಾಗ ಬದಲಿಸಿದ್ದು ಅಂತ ಮೇಂಟೆನೆನ್ಸ್ ಪುಸ್ತಕದಲ್ಲಿ ಇರಬೇಕು.

ಹೊರಹೋಗುವ ನೀರು ಇನ್ನೂ ಮುಖ್ಯ. ಎಲ್ಲ ಜಾಲಿಗಳಿಗೂ ನೀರು ಹೊಯ್ದು ತುಂಬಿಸಿ. ಎಲ್ಲ ಕಮೋಡ್‌ಗಳನ್ನೂ ಒಟ್ಟಿಗೆ ಫ್ಲಶ್ ಮಾಡಿ. ಜಾಲಿಯ ಕೆಳಗಿನ ನೀರು ಮೇಲೆ ಕೆಳಗೆ ಕುಣಿದರೆ, ಗುಳುಗುಳು ಎಂದರೆ, ಗಾಳಿಕೊಳವೆ ಮುಚ್ಚಿದೆ ಅಥವಾ ಸಾಲದು. ಟ್ರ್ಯಾಪಿನಲ್ಲಿ (ಚರಂಡಿ ಗಾಳಿ ತಡೆಯಲು ನೀರು ನಿಲ್ಲುವ ಬಾಗು ಕೊಳವೆ) ಸಾಮಾನ್ಯವಾಗಿ ನಿಲ್ಲುವುದು 50 ಮಿ.ಮೀ. ನೀರು ಮಾತ್ರ, ಎತ್ತರದ ಕೊಳವೆಯ ಎಳೆತಕ್ಕೆ ಅದು ಹೀರಿಹೋದರೆ ಇಡೀ ಸಾಲಿನ ಚರಂಡಿ ಗಾಳಿ ಮನೆಯೊಳಕ್ಕೆ. ವಾಸನೆ ಒಂದೇ ಅಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ 300ಕ್ಕೂ ಹೆಚ್ಚು ಜನರಿಗೆ ಹರಡಿದಾಗ ತನಿಖೆಯಲ್ಲಿ ಮುಖ್ಯವಾಗಿ ಬೆರಳು ತೋರಿಸಿದ್ದು ಒಣಗಿದ ನೆಲಜಾಲಿ ಟ್ರ್ಯಾಪುಗಳ ಕಡೆಗೆ. ಬಳಸದ ಅತಿಥಿ ಕೋಣೆಯ ಬಾತ್‌ರೂಮಿಗೆ ವಾರಕ್ಕೊಂದು ಚೊಂಬು ನೀರು ಹಾಕುವುದು ಅದಕ್ಕೇ.

ಬಾತ್‌ರೂಂ ವಾಟರ್‌ಪ್ರೂಫಿಂಗ್ ತಿಳಿಯಲು ನೀರು ಕಟ್ಟಿ 48 ಗಂಟೆ ಬಿಡಬೇಕು, ಮಾರುವವರು ಬಿಡುವುದು ಕಷ್ಟ. ಅದರ ಬದಲು 25ನೇ ಮಹಡಿಯ ಬಾಗಿಲು ತಟ್ಟಿ. ನಿಮ್ಮ ಬಾತ್‌ರೂಂ ಸೋರಿದರೆ ಕಲೆ ಬೀಳುವುದು ಅವರ ಸೀಲಿಂಗಿಗೆ, ಅವರು ಮುಚ್ಚಿಡುವ ಕಾರಣವಿಲ್ಲ. 27ನೇ ಮಹಡಿಯ ಸೋರಿಕೆ ನಿಮ್ಮ ಫಾಲ್ಸ್ ಸೀಲಿಂಗ್ ಹಿಂದೆ ಅಡಗಿರುತ್ತದೆ. ಬಾತ್‌ರೂಮಿನ ಸೀಲಿಂಗಿನಲ್ಲಿರುವ ಮುಚ್ಚಳ (ಟ್ರ್ಯಾಪ್‌ಡೋರ್) ತೆಗೆಸಿ ಟಾರ್ಚ್ ಬಿಟ್ಟು ನೋಡಿ. ಬಿಳಿ ಉಪ್ಪಿನ ಹುಡಿ, ತುಕ್ಕು ಕಲೆ ಕಂಡರೆ ಫೋಟೊ ತೆಗೆಯಿರಿ. ಟ್ರ್ಯಾಪ್‌ಡೋರೇ ಇಲ್ಲದಿದ್ದರೆ ಅದೇ ಒಂದು ಉತ್ತರ.

ಹೊಸಿಲು:

ತುಂಬಾ ಉಪಕಾರ ಇಬ್ಬರಿಗೂ. ಸಂಘದಲ್ಲಿ ವಿಚಾರಿಸಿದೆ, ಸ್ಲ್ಯಾಬ್ ಪೋಸ್ಟ್ ಟೆನ್ಷನ್ ಅಂತೆ, ಗೋಡೆ ಬ್ಲಾಕಿನದಂತೆ. ಡ್ರಾಯಿಂಗ್ ತೋರಿಸುತ್ತಾರೆ. ಶಬ್ದ, ಗಾಳಿ, ಬಿಸಿಲಿನ ಬಗ್ಗೆ ಯಾರಾದರೂ ಹೇಳಿ. ಕಿಟಕಿಗಳೆಲ್ಲ ಸ್ಲೈಡಿಂಗ್, ಡಬಲ್ ಗಾಜು, ಹಾಗಾಗಿ ಶಬ್ದದ ಚಿಂತೆ ಇಲ್ಲ ಅಂತ ಬ್ರೋಕರ್ ಅಂದರು.

ಗಾಳಿಗೋಪುರ:

ಜಾಹೀರಾತಿನಲ್ಲೂ ಬ್ರೋಕರ್ ಮಾತಿನಲ್ಲೂ ಒಂದೊಂದು ತಪ್ಪಿದೆ.

ಮೊದಲು ಆ "ನಿಶ್ಶಬ್ದ ದ್ವೀಪ". ನೀವು ಕೇಳಿದ ನಿಶ್ಶಬ್ದ ಗೇಟಿನದು. ಅಲ್ಲಿ ಸುತ್ತಲಿನ ಕಟ್ಟಡಗಳು ಹೆದ್ದಾರಿಯ ಸದ್ದಿಗೆ ಗೋಡೆಯಂತೆ ಅಡ್ಡ ನಿಂತಿವೆ. 26ನೇ ಮಹಡಿಗೆ ಆ ಅಡ್ಡ ಇಲ್ಲ, ಬಾಲ್ಕನಿಯಿಂದ ಎಷ್ಟು ರಸ್ತೆ ಕಣ್ಣಿಗೆ ಬೀಳುತ್ತದೋ ಅಷ್ಟೂ ರಸ್ತೆ ಕಿವಿಗೂ ಬೀಳುತ್ತದೆ. ದೂರ ಹೆಚ್ಚಾದರೆ ಸದ್ದು ಇಳಿಯುತ್ತದಲ್ಲ ಅನ್ನಬಹುದು. ಒಂದೇ ಬಿಂದುವಿನ ಸದ್ದು ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ, ಆದರೆ ಸಾಲಾಗಿ ವಾಹನ ಹರಿಯುವ ರಸ್ತೆಯದು 3 ಮಾತ್ರ. 100 ಮೀಟರಿನಿಂದ 800 ಮೀಟರಿಗೆ ಹೋದರೂ 9 ಡೆಸಿಬೆಲ್ ಇಳಿಕೆ, ಅಷ್ಟೇ. ಜೊತೆಗೆ ಪ್ರಶಾಂತ ರಾತ್ರಿಗಳಲ್ಲಿ ನೆಲದ ಬಳಿ ತಂಪು, ಮೇಲೆ ಬೆಚ್ಚನೆ ಗಾಳಿ ಇದ್ದಾಗ ದೂರದ ಸದ್ದು ಮತ್ತೆ ಕೆಳಕ್ಕೆ ಬಾಗಿ ಬರುತ್ತದೆ.

ಎರಡು ಭೇಟಿಯಲ್ಲಿ ಒಂದನ್ನು ವಾರದ ದಿನ ರಾತ್ರಿ 10ರ ನಂತರ ಕೇಳಿ. ಮಲಗುವ ಕೋಣೆಯಲ್ಲಿ ಕಿಟಕಿ ತೆರೆದು 10 ನಿಮಿಷ, ಮುಚ್ಚಿ 10 ನಿಮಿಷ ಫೋನಿನ ಆಪ್‌ನಲ್ಲಿ ಅಳೆಯಿರಿ. ಫೋನಿನ ಅಂಕಿ ಕರಾರುವಾಕ್ಕಲ್ಲ, ಆದರೆ ತೆರೆದಾಗ ಮುಚ್ಚಿದಾಗಿನ ವ್ಯತ್ಯಾಸ ನಂಬಬಹುದು. ನಿದ್ದೆಗೆ ಕೋಣೆಯೊಳಗೆ ಸರಾಸರಿ 30 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಹಾಗೆಯೇ ಸರ್ವಿಸ್ ಫ್ಲೋರ್ (ಪಂಪು, ಯಂತ್ರಗಳ ಮಹಡಿ) ಎಲ್ಲಿದೆ, ಜನರೇಟರ್ ಹೊಗೆಕೊಳವೆ ಯಾವ ಗೋಡೆ ಹಿಡಿದು ಏರುತ್ತದೆ, ಯಾವ ಕೋಣೆ ಲಿಫ್ಟ್ ಶಾಫ್ಟಿಗೆ ಅಂಟಿದೆ ನೋಡಿ. ಕಾಂಕ್ರೀಟಿನ ಮೂಲಕ ಬರುವ ಪಂಪಿನ ಗುಂಯ್ ಶಬ್ದಕ್ಕೆ ಯಾವ ಗಾಜೂ ಅಡ್ಡಿಯಾಗದು.

ಡಬಲ್ ಗಾಜು. 6 ಮಿ.ಮೀ. ಗಾಜು, 12 ಮಿ.ಮೀ. ಸಂದು, ಮತ್ತೆ 6 ಮಿ.ಮೀ. ಗಾಜು ಇರುವ ಸಾಮಾನ್ಯ ಜೋಡಿ ಶಾಖಕ್ಕೆ ಒಳ್ಳೆಯದು. ಶಬ್ದಕ್ಕೆ ಒಂಟಿ 6 ಮಿ.ಮೀ. ಗಾಜಿಗಿಂತ ಅಲ್ಪಸ್ವಲ್ಪ ಮೇಲು ಅಷ್ಟೇ. ನಡುವಿನ ಸಂದಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸುವುದರಿಂದ ಸುಮಾರು 200 ಹರ್ಟ್ಜ್ ಬಳಿ ಎರಡೂ ಕೂಡಿ ಅನುರಣಿಸುತ್ತವೆ, ಲಾರಿ ಬಸ್ಸುಗಳ ಗುಡುಗು ಇರುವುದೂ ಆ ಆಸುಪಾಸಿನಲ್ಲೇ. ಶಬ್ದಕ್ಕೆ ಬೇಕಾದ್ದು ಬೇರೆಬೇರೆ ದಪ್ಪದ ಗಾಜು, ಅದರಲ್ಲೊಂದು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಗಾಜು). ಅದಕ್ಕಿಂತ ಮೊದಲು ರಬ್ಬರ್ ಮತ್ತು ಬ್ರಷ್ ಪಟ್ಟಿ. ಕಿಟಕಿಯ ವಿಸ್ತೀರ್ಣದ ಶೇ. 1ರಷ್ಟು ಸಂದಿ ಇದ್ದರೆ ಗಾಜು ಎಷ್ಟೇ ದುಬಾರಿಯಾಗಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. 11 ವರ್ಷದ ಸ್ಲೈಡಿಂಗ್ ಕಿಟಕಿಯಲ್ಲಿ ಬ್ರಷ್ ಸವೆದೇ ಇರುತ್ತದೆ. ಮುಚ್ಚಿದ ಕಿಟಕಿ ಬಾಗಿಲಿನ ಅಂಚಿನುದ್ದಕ್ಕೂ ಊದುಬತ್ತಿ ಹಿಡಿದರೆ ಹೊಗೆ ಎಲ್ಲಿ ಓಡುತ್ತದೆ ಕಾಣುತ್ತದೆ.

ಇನ್ನು ಮಳೆ. ಗಾಳಿಯ ಒತ್ತಡ ಪ್ಯಾಸ್ಕಲ್‌ನಲ್ಲಿ ಬೇಕಾದರೆ ವೇಗದ ವರ್ಗವನ್ನು 0.6ರಿಂದ ಗುಣಿಸಿ. ಸೆಕೆಂಡಿಗೆ 30 ಮೀಟರ್ ಬಿರುಗಾಳಿಗೆ 540 ಪ್ಯಾಸ್ಕಲ್, ಅಂದರೆ 55 ಮಿ.ಮೀ. ನೀರಿನ ಕಂಬ. ಸ್ಲೈಡಿಂಗ್ ಟ್ರ್ಯಾಕಿನ ಒಳಗಂಚು ಅದಕ್ಕಿಂತ ಗಿಡ್ಡವಾಗಿದ್ದರೆ ಅಂಥ ಗಾಳಿ ಮಳೆಗೆ ಟ್ರ್ಯಾಕಿನಲ್ಲಿ ನಿಂತ ನೀರು ಒಳಕ್ಕೆ ದಾಟುತ್ತದೆ. ಇದನ್ನು ಸಿಲಿಕೋನ್ ಬಳಿದು ನಿಲ್ಲಿಸಲಾಗದು, ಟ್ರ್ಯಾಕಿನ ಹೊರಮೈಯ ನೀರಿಳಿಯುವ ಸಣ್ಣ ರಂಧ್ರಗಳನ್ನು ಸಿಲಿಕೋನಿನಿಂದ ಮುಚ್ಚಿದರಂತೂ ಇನ್ನೂ ಕೆಡುತ್ತದೆ. ಆ ಎತ್ತರದಲ್ಲಿ ಗಾಳಿಯ ವೇಗ ನೆಲದ ಹತ್ತಿರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು, ಒತ್ತಡ ಎರಡು ಪಟ್ಟಿಗೂ ಮೇಲೆ. ಟ್ರ್ಯಾಕಿಗೆ ಒಂದು ಲೋಟ ನೀರು ಹೊಯ್ದು ಹೊರಗೆ ಇಳಿಯುತ್ತದೋ ನೋಡಿ. ಕಿಟಕಿ ಕೆಳಗಿನ ಸ್ಕರ್ಟಿಂಗ್ ಊದಿಕೊಂಡಿದೆಯೋ, ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದಾರೋ ಗಮನಿಸಿ.

ಪಶ್ಚಿಮದ ಗಾಜು: ಸಂಜೆಯ ಬಿಸಿಲು ಚದರ ಮೀಟರಿಗೆ 600 ವಾಟ್ ಅಂತಿಟ್ಟುಕೊಳ್ಳಿ. 20 ಚದರ ಮೀಟರ್ ಗಾಜು, ಅದರ ಸೌರಶಾಖ ಗುಣಾಂಕ (ಬಿಸಿಲಿನ ಶಾಖದಲ್ಲಿ ಒಳಬಿಡುವ ಪಾಲು) 0.3 ಇದ್ದರೆ ಒಳಬರುವುದು 3.6 ಕಿಲೋವಾಟ್, ಒಂದು ಟನ್ ಎ.ಸಿ. ಪೂರ್ತಿ ಅದಕ್ಕೇ. ಸಾದಾ ಗಾಜಾದರೆ ಗುಣಾಂಕ 0.8, ಎರಡೂವರೆ ಟನ್ ದಾಟುತ್ತದೆ. ಎ.ಸಿ. ಹೊರಘಟಕಗಳು ಒಂದೇ ಶಾಫ್ಟಿನಲ್ಲಿ ಒಂದರ ಮೇಲೊಂದು ಇದ್ದರೆ ಕೆಳಗಿನ 25 ಮನೆಯ ಬಿಸಿಗಾಳಿ ನಿಮ್ಮ ಘಟಕಕ್ಕೆ ಬರುತ್ತದೆ. ಭೇಟಿಯ ದಿನ ಸಂಜೆ 4ಕ್ಕೆ ಎಲ್ಲ ಎ.ಸಿ. ಹಾಕಿ ಒಂದು ಗಂಟೆ ಬಿಡಿ.

ಗಾಳಿಗೆ ಕಟ್ಟಡ ಓಲಾಡುವ ಬಗ್ಗೆ ಜನ ಹೆದರಿಸುತ್ತಾರೆ. ಎತ್ತರದ ಕಟ್ಟಡ ಓಲಾಡಲೇಬೇಕು, 100 ಮೀಟರ್ ಎತ್ತರದ್ದು ಎರಡು ಸೆಕೆಂಡಿಗೊಮ್ಮೆ ಹೋಗಿ ಬರುತ್ತದೆ. ಗೋಡೆಯ ಕೀಲುಗಳಲ್ಲಿ ಕಿರುಗುಟ್ಟಿದರೆ ಕಿರಿಕಿರಿ, ಅಪಾಯವಲ್ಲ.

ಬಾಗಿಲುವಾಡ:

ಬೆಂಕಿಯ ವಿಷಯ ಯಾರೂ ಎತ್ತಿಲ್ಲ. ಕೆತ್ತನೆಯ ಬಾಗಿಲು ಹಾಕುವ ಮೊದಲು ಅಲ್ಲಿ ಇದ್ದದ್ದು ಬಹುಶಃ ಅಗ್ನಿನಿರೋಧಕ ಬಾಗಿಲು, ಅಂಚಿನಲ್ಲಿ ಬಿಸಿಗೆ ಉಬ್ಬಿ ಹೊಗೆ ತಡೆಯುವ ಪಟ್ಟಿ ಮತ್ತು ತಾನೇ ಮುಚ್ಚುವ ಕ್ಲೋಸರ್ ಇದ್ದದ್ದು. ಅದನ್ನು ಮತ್ತೆ ಹಾಕಿಸುವ ಖರ್ಚು ಮಾರುವವರ ತಲೆಗೆ. ಫಾಲ್ಸ್ ಸೀಲಿಂಗಿನಲ್ಲಿ ಬೆಂಕಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ತಲೆಗಳು ಕೆಳಕ್ಕೆ ಇಳಿದಿವೆಯೇ, ಇಲ್ಲ ಬೋರ್ಡಿನ ಮೇಲೆಯೇ ಉಳಿದಿವೆಯೇ? ಬೋರ್ಡಿನ ಮೇಲೆ ಉಳಿದರೆ ಬಿಸಿ ಅಲ್ಲಿಗೆ ತಲುಪುವಷ್ಟರಲ್ಲಿ ಕೋಣೆ ಹೋಗಿರುತ್ತದೆ. ಕೆಂಪು ದ್ರವದ ಗಾಜುಗುಳಿಗೆ 68 ಡಿಗ್ರಿಗೆ ಒಡೆಯಬೇಕು, ಅದರ ಮೇಲೆ ಪೇಂಟ್ ಬಳಿದಿದ್ದರೆ ತಡವಾಗುತ್ತದೆ, ಬದಲಿಸಬೇಕು.

ಮೆಟ್ಟಿಲ ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ, ಚಿಲಕ ಬೀಳುವ ತನಕ ತಾನೇ ಮುಚ್ಚಬೇಕು. ನಿಮ್ಮ ಮಹಡಿಯ ಎಲೆಕ್ಟ್ರಿಕಲ್ ಶಾಫ್ಟ್ ತೆಗೆಸಿ ನೋಡಿ: ಕೇಬಲ್ ದಾಟುವ ರಂಧ್ರಗಳು ಅಗ್ನಿನಿರೋಧಕ ಸೀಲಂಟಿನಿಂದ ಮುಚ್ಚಿರಬೇಕು. ಇಂಟರ್‌ನೆಟ್ ಕೇಬಲ್ ಎಳೆದವರು ಕಿತ್ತು ಹಾಗೇ ಬಿಟ್ಟಿರುತ್ತಾರೆ. ಹೊರಗೋಡೆಗೆ ಅಲ್ಯೂಮಿನಿಯಂ ಕಾಂಪೊಸಿಟ್ ಹಾಳೆ ಇದ್ದರೆ ಅದರ ನಡುಪದರ ಏನು ಅಂತ ಪ್ರಮಾಣಪತ್ರ ಕೇಳಿ. 2017ರಲ್ಲಿ ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತದ್ದು ಪಾಲಿಥಿಲೀನ್ ನಡುಪದರದ ಹೊದಿಕೆ ಹಿಡಿದು ಬೆಂಕಿ ಏರಿದ್ದರಿಂದ.

ಬಾಲ್ಕನಿಯ ಗಾಜಿನ ಅಂಚು ನೋಡಿ. ಎರಡು ಗಾಜಿನ ನಡುವೆ ಪದರ ಕಂಡರೆ ಲ್ಯಾಮಿನೇಟೆಡ್. ಬರೀ ಟಫನ್ಡ್ (ಕಾಯಿಸಿ ಗಟ್ಟಿಮಾಡಿದ ಗಾಜು) ಆದರೆ ಒಳಗಿನ ನಿಕಲ್ ಸಲ್ಫೈಡ್ ಕಣದಿಂದ ಯಾರೂ ಮುಟ್ಟದೆಯೂ ಒಂದು ದಿನ ಪುಡಿಯಾಗಿ 26 ಮಹಡಿ ಕೆಳಗೆ ಸುರಿಯಬಹುದು.

ಲೆಕ್ಕದಪುಸ್ತಕ:

ಕಾಗದಗಳ ಪ್ರಶ್ನೆಗೆ. ಕೊನೆಯ 3 ವರ್ಷದ ಆಡಿಟ್ ಆದ ಲೆಕ್ಕ, ಕೊನೆಯ 3 ವರ್ಷದ ಸಭೆಯ ನಡಾವಳಿ, ಬಾಕಿದಾರರ ಒಟ್ಟು ಮೊತ್ತ, ಲಿಫ್ಟಿನ ನಿರ್ವಹಣಾ ಕರಾರು (ಬಿಡಿಭಾಗ ಸೇರಿದ್ದೋ ಅಲ್ಲವೋ), ಕಟ್ಟಡದ ವಿಮೆ, ಬಾಕಿ ಇರುವ ಮೊಕದ್ದಮೆ, ಸ್ಟ್ರಕ್ಚರಲ್ ತಪಾಸಣೆಯ ವರದಿ. ಎಲ್ಲಕ್ಕಿಂತ ಮೊದಲು ನಡಾವಳಿ ಓದಿ. ಲೆಕ್ಕಪತ್ರ ಚಂದ ಕಾಣುವಂತೆ ಮಾಡಬಹುದು, ನಡಾವಳಿಯಲ್ಲಿ "ಬೇಸ್‌ಮೆಂಟ್ ಸೋರಿಕೆ ವಿಷಯ ಮುಂದಿನ ಸಭೆಗೆ" ಎಂಬ ಸಾಲು ಮೂರು ವರ್ಷ ಮರಳಿ ಬರುತ್ತಿದ್ದರೆ ಅದನ್ನು ಯಾರೂ ಅಳಿಸಿರುವುದಿಲ್ಲ. 2021ರ ಜೂನ್‌ನಲ್ಲಿ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 12 ಮಹಡಿಯ ಕಟ್ಟಡ ಕುಸಿದು 98 ಜನ ಸತ್ತರು. ಈಜುಕೊಳದ ಸುತ್ತಲಿನ ಸ್ಲ್ಯಾಬಿನ ನೀರಿಳಿಕೆಯ ಬಗ್ಗೆ ಎಂಜಿನಿಯರ್ ವರದಿ 2018ರಲ್ಲೇ ಬಂದಿತ್ತು. ರಿಪೇರಿ ಹಣದ ಚರ್ಚೆ ಮುಗಿದಿರಲಿಲ್ಲ.

11ನೇ ವರ್ಷ ಎಂಬುದು ತಮಾಷೆಯ ವಯಸ್ಸು. ಇನ್ನೂ ಎಲ್ಲ ಹೊಸದಾಗಿಯೇ ಕಾಣುತ್ತದೆ, ದೊಡ್ಡ ಖರ್ಚುಗಳೆಲ್ಲ ಮುಂದಿವೆ. ಪಂಪುಗಳಿಗೆ 10ರಿಂದ 15 ವರ್ಷ, ಗಾಜಿನ ಹೊರಮೈಯ ಸೀಲಂಟಿಗೆ 15ರಿಂದ 20, ಲಿಫ್ಟಿಗೆ 20ರಿಂದ 25. ಹೊರಗೋಡೆ ಬಣ್ಣಕ್ಕೆ ಈ ಎತ್ತರದಲ್ಲಿ ಬಣ್ಣಕ್ಕಿಂತ ಗೊಂಡೋಲಾ (ಕೆಲಸಗಾರರ ತೂಗುತೊಟ್ಟಿಲು), ಹಗ್ಗದವರ ಖರ್ಚೇ ಜಾಸ್ತಿ. ಮುಂದಿನ 15 ವರ್ಷದ ಇಂಥ ಖರ್ಚಿನ ಅಂದಾಜು ಪಟ್ಟಿ ಸಂಘದ ಬಳಿ ಇದೆಯೇ ಕೇಳಿ. ಪಟ್ಟಿಯ ಮೊತ್ತ 100 ಇದ್ದು ಮೀಸಲು ನಿಧಿಯಲ್ಲಿ 20 ಇದ್ದರೆ, ಉಳಿದ 80ರಲ್ಲಿ ನಿಮ್ಮ ವಿಸ್ತೀರ್ಣದ ಪಾಲು ಈ ಮನೆಯ ಬೆಲೆಯ ಜೊತೆಗೆ ಬರುವ ಸಾಲ. ಅದನ್ನೇ ಮುಂದಿಟ್ಟು ಬೆಲೆ ಮಾತಾಡಿ. ಕಡಿಮೆ ಮೇಂಟೆನೆನ್ಸ್ ಎಂದು ಬ್ರೋಕರ್ ಹೊಗಳಿದರೆ ನಿಧಿ ಖಾಲಿ ಇದೆಯೋ ಅಂತ ಮೊದಲು ನೋಡಿ.

ಲಿಫ್ಟ್: 128 ಮನೆಗೆ ಎರಡು ಪ್ಯಾಸೆಂಜರ್ ಲಿಫ್ಟ್ ಬಿಗಿಯಾಯಿತು. ಸೆಕೆಂಡಿಗೆ 2.5 ಮೀಟರ್ ವೇಗವಿದ್ದರೆ 26 ಮಹಡಿಗೆ ನಿಲ್ಲದೆ 40 ಸೆಕೆಂಡಿನೊಳಗೆ ಏರುತ್ತದೆ, ಬ್ರೋಶರಿನಲ್ಲಿ ಇರುವುದು ಅದೇ ಅಂಕಿ. ಬೆಳಿಗ್ಗೆ ಶಾಲೆ-ಆಫೀಸಿನ ಹೊತ್ತಿಗೆ 26ರಲ್ಲಿ ನಿಂತು ಗುಂಡಿ ಒತ್ತಿ ಹತ್ತು ಸಲ ಕಾಯುವ ಸಮಯ ಬರೆದುಕೊಳ್ಳಿ. ಸರಾಸರಿ ಒಂದು ನಿಮಿಷದೊಳಗಿದ್ದರೆ ಒಳ್ಳೆಯದು, ಒಂದೂವರೆ ದಾಟಿದರೆ ದಿನಾ ಕಿರಿಕಿರಿ. ಒಂದು ಲಿಫ್ಟ್ ರಿಪೇರಿಗೆ ನಿಂತ ದಿನ ಏನಾಗುತ್ತದೆ ಅಂತ ಸೆಕ್ಯೂರಿಟಿಯವರನ್ನು ಕೇಳಿ, ಅವರು ಸತ್ಯ ಹೇಳುತ್ತಾರೆ.

ರಸಮಟ್ಟ:

ಒಂದು ಸೇರಿಸುತ್ತೇನೆ. ಬಾಲ್ಕನಿಯಿಂದ ಕಾಣುವ ನೋಟ ಕ್ರಯಪತ್ರದಲ್ಲಿ ಇರುವುದಿಲ್ಲ. ಪಶ್ಚಿಮಕ್ಕೆ ಖಾಲಿ ಸೈಟೋ, ಹಳೆಯ ಎರಡಂತಸ್ತಿನ ಬಂಗಲೆಯೋ ಇದ್ದರೆ ಆ ವಲಯದಲ್ಲಿ ಎಷ್ಟು ಎತ್ತರಕ್ಕೆ ಅನುಮತಿ ಇದೆ ಅಂತ ಯೋಜನಾ ಕಚೇರಿಯಲ್ಲಿ ವಿಚಾರಿಸಿ.

ಪಾರ್ಕಿಂಗ್ ಜಾಗಕ್ಕೆ ನಿಮ್ಮ ಕಾರನ್ನೇ ಒಯ್ದು ನಿಲ್ಲಿಸಿ, ಎರಡೂ ಬದಿಯ ಬಾಗಿಲು ತೆರೆಯಿರಿ. ಕಂಬದ ಪಕ್ಕದ ಜಾಗಗಳು ನಕ್ಷೆಯಲ್ಲಿ ಚೆನ್ನಾಗಿಯೇ ಇರುತ್ತವೆ.

ಹೊಸಿಲು:

ಮೊದಲ ಭೇಟಿ ಸಂಜೆ 4ಕ್ಕೆ, ಎರಡನೆಯದು ರಾತ್ರಿ 10ಕ್ಕೆ ಕೇಳಿದ್ದೇನೆ. ಲಿಫ್ಟ್ ಕಾಯುವುದಕ್ಕೆ ಮನೆಯ ಕೀಲಿ ಬೇಕಿಲ್ಲ, ಬೆಳಿಗ್ಗೆ ಬೇರೆ ಹೋಗುತ್ತೇನೆ. ಮುಂಬಾಗಿಲು, ಸ್ಪ್ರಿಂಕ್ಲರ್ ಸರಿಪಡಿಸುವ ತನಕ ಬೆಲೆಯಲ್ಲಿ ಒಂದು ಪಾಲು ತಡೆಹಿಡಿಯುವ ಷರತ್ತು ಕರಾರಿನಲ್ಲಿ ಹಾಕಬಹುದೇ?

ಲೆಕ್ಕದಪುಸ್ತಕ:

ಹಾಕಬಹುದು. ಆದರೆ "ಸರಿಪಡಿಸುವುದು" ಅಂತ ಬರೆಯಬೇಡಿ. ಯಾವ ಬಾಗಿಲು, ಎಷ್ಟು ನಿಮಿಷದ ರೇಟಿಂಗ್, ಯಾವ ಕೋಣೆಯಲ್ಲಿ ಎಷ್ಟು ಸ್ಪ್ರಿಂಕ್ಲರ್ ತಲೆ, ಯಾರು ಪರಿಶೀಲಿಸಿ ಸಹಿ ಹಾಕಬೇಕು, ಯಾವ ತಾರೀಖಿನೊಳಗೆ ಎಂದು ಬರೆಸಿ. ತಡೆಹಿಡಿದ ಹಣ ಬ್ರೋಕರ್ ಕೈಯಲ್ಲಿ ಇರಬಾರದು.